ಮರ್ಕರಾ ತಾಮ್ರಪಟದ ಸಾಕ್ಷ್ಯ

2004ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ 1972-73ರವೆಂದು ತೋರಿಸಿದ ಬೆರಳಚ್ಚು ಯಂತ್ರದ ಪತ್ರಗಳಲ್ಲಿ ಗಣಕಯಂತ್ರದ ಅಕ್ಷರಜೋಡಣೆಯ ಲಕ್ಷಣಗಳಿವೆಯೆಂಬ ಆಕ್ಷೇಪವೆದ್ದಿತು. ದಾಖಲೆ ಹೇಳಿಕೊಳ್ಳುವ ಕಾಲವೂ ಅದು ಸಿದ್ಧವಾದ ಕಾಲವೂ ಒಂದೇ ಆಗಿರಬೇಕಿಲ್ಲ.

ಕರ್ನಾಟಕದ ಶಾಸನಾಧ್ಯಯನಕ್ಕೆ ಈ ಸಮಸ್ಯೆ ಹೊಸದಲ್ಲ. ಗಂಗ ಅರಸ ಅವಿನೀತನ ಹೆಸರಿನ ಮರ್ಕರಾ ತಾಮ್ರಪಟವು ತಳವನನಗರದ ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಗ್ರಾಮವನ್ನು ದತ್ತಿಯಿತ್ತುದನ್ನು ತಿಳಿಸುತ್ತದೆ. ಅದರ 388ನೆಯ ವರ್ಷವನ್ನು ಶಕವರ್ಷವೆಂದು ಎಣಿಸಿದರೆ ಕಾಲ ಕ್ರಿ.ಶ. 466 ಆಗುತ್ತದೆ. ಆದರೆ ವಿದ್ವಾಂಸರು ಲಿಪಿಯನ್ನು ಹಲವು ಶತಮಾನಗಳಷ್ಟು ಈಚಿನದೆಂದು ಗುರುತಿಸಿದ್ದಾರೆ. ಅಲ್ಲಿ ಬರುವ ‘ಅಕಾಲವರ್ಷ’ವಂತೂ ರಾಷ್ಟ್ರಕೂಟರ ಬಿರುದು.

ಕೊಂಡಕುಂದಾನ್ವಯದ ಉಲ್ಲೇಖವಿರುವುದರಿಂದ ಕುಂದಕುಂದಾಚಾರ್ಯರ ಕಾಲನಿರ್ಣಯಕ್ಕೂ ಈ ಪಟವನ್ನು ಆಧರಿಸಿದವರುಂಟು. ಹಳೆಯ ದಾನವೊಂದರ ನೆನಪು ಇದರಲ್ಲಿ ಉಳಿದಿರಬಹುದು. ಆದರೂ ಆಚಾರ್ಯರ ಕಾಲವನ್ನು ಈ ಪಟವೊಂದರಿಂದಲೇ ನಿರ್ಣಯಿಸುವುದು ಯುಕ್ತವಲ್ಲ.