ಮಂಡಿಯ ಪೆಟ್ಟು, ಮನದ ಅಂಜಿಕೆ

2016ರ ರಿಯೋ ಒಲಿಂಪಿಕ್ಸ್ ನಿಮಗೆ ನೆನಪಿರಬಹುದು. ಕುಸ್ತಿಯ ಕ್ವಾರ್ಟರ್‌ಫೈನಲ್‌ನಲ್ಲಿ ಚೀನಾದ ಸುನ್ ಯಾನಾನ್ ಎದುರು ಸೆಣಸುತ್ತಿದ್ದ ವಿನೇಶ್ ಫೋಗಟ್ ಅವರ ಮಂಡಿಗೆ ತೀವ್ರ ಪೆಟ್ಟಾಯಿತು. ಅವರನ್ನು ಸ್ಟ್ರೆಚರ್ ಮೇಲೆ ಹೊರಗೊಯ್ಯಬೇಕಾಯಿತು.

ಇಂಥ ಆಟಗಾರರ ಕಷ್ಟ ಶಸ್ತ್ರಚಿಕಿತ್ಸೆಯೊಂದಿಗೆ ಮುಗಿಯುವುದಿಲ್ಲ. ಅದೇ ಕಾಲಿನ ಮೇಲೆ ಭಾರ ಹಾಕಿ ತಿರುಗುವಾಗ ಮನಸ್ಸು ಹಿಂಜರಿಯುತ್ತದೆ. ವೈದ್ಯರು ಬಹುಕಾಲ ಮಂಡಿಯ ಬಲಕ್ಕೇ ಹೆಚ್ಚು ಗಮನ ಕೊಟ್ಟಿದ್ದರು. ಈ ಅಂಜಿಕೆಯನ್ನೂ ಆತ್ಮವಿಶ್ವಾಸವನ್ನೂ ಅಳೆಯಲು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 12 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಮಂಡಿಯ ಅಸ್ಥಿರಜ್ಜಿನ ಶಸ್ತ್ರಚಿಕಿತ್ಸೆಗೆ ಒಳಗಾದವರ ಕುರಿತ ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಶೇಕಡಾ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರು. ಸ್ಪರ್ಧಾಕಣಕ್ಕೆ ಮರಳಿದವರು ಶೇಕಡಾ 55 ಮಾತ್ರ. ಈ ಅಂತರಕ್ಕೆ ಭಯವೂ ಒಂದು ಕಾರಣ.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವಿನೇಶ್‌ಗೆ ಮೊದಲ ಎದುರಾಳಿಯಾಗಿ ಸಿಕ್ಕವರು ಅದೇ ಸುನ್. ವಿನೇಶ್ 8-2ರಿಂದ ಗೆದ್ದರು. ಮುಂದೆ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟುವೂ ಆದರು.

ನಿಮ್ಮ ಮನೆಯಲ್ಲೂ ಆಟದಲ್ಲಿ ಮಂಡಿ ಪೆಟ್ಟು ಮಾಡಿಕೊಂಡ ಮಕ್ಕಳಿರಬಹುದು. ನೋವು ಕಡಿಮೆಯಾಯಿತೇ ಎಂದಷ್ಟೇ ಕೇಳಬೇಡಿ. ಧೈರ್ಯ ಬಂತೇ ಎಂದೂ ಕೇಳಿ.