ರಾಬರ್ಟ್ ಟ್ರೆಂಟ್ ಜೋನ್ಸ್ ಗಾಲ್ಫ್ ಟ್ರೇಲ್

ರಾಬರ್ಟ್ ಟ್ರೆಂಟ್ ಜೋನ್ಸ್ ಗಾಲ್ಫ್ ಟ್ರೇಲ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಅಲಬಾಮಾ ರಾಜ್ಯದಾದ್ಯಂತ ಹರಡಿರುವ ಗಾಲ್ಫ್ ಮೈದಾನಗಳ ಸರಣಿ. 11 ಸ್ಥಳಗಳಲ್ಲಿರುವ ಈ ಮೈದಾನಗಳಲ್ಲಿ ಒಟ್ಟು 468 ಕುಳಿಗಳಿವೆ. ಪೂರ್ಣ ಪ್ರಮಾಣದ ಒಂದು ಮೈದಾನಕ್ಕೆ 18 ಕುಳಿಗಳಂತೆ ಲೆಕ್ಕ ಹಾಕಿದರೆ ಇದು 26 ಮೈದಾನಗಳಿಗೆ ಸಮ. ಶಿಕ್ಷಕರು ಮತ್ತು ಸರ್ಕಾರಿ ನೌಕರರ ಪಿಂಚಣಿ ನಿಧಿಯ ಹಣದಿಂದ ನಿರ್ಮಾಣಗೊಂಡಿರುವುದು ಇದರ ವಿಶೇಷತೆ.

ಹಿನ್ನೆಲೆ

ಅಮೆರಿಕದಲ್ಲಿ ಉತ್ತಮ ದರ್ಜೆಯ ಅನೇಕ ಗಾಲ್ಫ್ ಮೈದಾನಗಳು ಖಾಸಗಿ ಕ್ಲಬ್‌ಗಳಿಗೆ ಸೇರಿದ್ದು, ಅಲ್ಲಿ ಸದಸ್ಯರಿಗೆ ಹಾಗೂ ಅವರ ಅತಿಥಿಗಳಿಗೆ ಮಾತ್ರ ಪ್ರವೇಶವಿರುತ್ತದೆ. ಸಾರ್ವಜನಿಕ ಮೈದಾನಗಳಲ್ಲಿ ಆಯಾ ಆಟಕ್ಕೆ ಶುಲ್ಕ ತೆತ್ತು ಯಾರು ಬೇಕಾದರೂ ಆಡಬಹುದು. 1973ರಿಂದ ಅಲಬಾಮಾದ ನಿವೃತ್ತಿ ನಿಧಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಡೇವಿಡ್ ಬ್ರಾನರ್, ಉನ್ನತ ದರ್ಜೆಯ ಸಾರ್ವಜನಿಕ ಮೈದಾನಗಳನ್ನು ರಾಜ್ಯದುದ್ದಕ್ಕೂ ನಿರ್ಮಿಸುವ ಯೋಜನೆಯನ್ನು ರೂಪಿಸಿದರು. ಪ್ರವಾಸಿಗರನ್ನೂ ಉದ್ಯಮಗಳನ್ನೂ ರಾಜ್ಯಕ್ಕೆ ಸೆಳೆಯುವುದು ಇದರ ಉದ್ದೇಶವಾಗಿತ್ತು. ಮೊದಲ ಮೈದಾನಗಳು 1992ರಲ್ಲಿ ಆಟಕ್ಕೆ ತೆರೆದವು.

ವಿನ್ಯಾಸ

1906ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ರಾಬರ್ಟ್ ಟ್ರೆಂಟ್ ಜೋನ್ಸ್ ಪ್ರಸಿದ್ಧ ಮೈದಾನ ವಿನ್ಯಾಸಕಾರರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಈ ಕೆಲಸವನ್ನು ಒಪ್ಪಿಕೊಂಡರು. ಸಹವರ್ತಿ ರೋಜರ್ ರುಲೆವಿಚ್ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದರು. ಜೋನ್ಸ್ 2000ದಲ್ಲಿ ನಿಧನರಾದರು. 2005ರಲ್ಲಿ ತೆರೆದ ರಾಸ್ ಬ್ರಿಜ್ ಮೈದಾನವೂ ಅವರ ಹೆಸರಿನ ಇದೇ ಸರಣಿಗೆ ಸೇರಿದೆ. ಪ್ರತಿ ಕುಳಿಗೂ ಆಟ ಆರಂಭಿಸುವ ಹಲವು ಸ್ಥಾನಗಳನ್ನು ಕಲ್ಪಿಸಿರುವುದರಿಂದ ನುರಿತವರೂ ಹೊಸಬರೂ ತಮಗೆ ತಕ್ಕ ದೂರವನ್ನು ಆರಿಸಿಕೊಳ್ಳಬಹುದು.

ಪ್ರಮುಖ ಮೈದಾನಗಳು

* ಕ್ಯಾಪಿಟಲ್ ಹಿಲ್, ಪ್ರಾಟ್‌ವಿಲ್: ಜಡ್ಜ್, ಸೆನೆಟರ್ ಮತ್ತು ಲೆಜಿಸ್ಲೇಟರ್ ಎಂಬ ಮೂರು ಮೈದಾನಗಳಿವೆ. ಜಡ್ಜ್ ಮೈದಾನದ ಮೊದಲ ಹೊಡೆತವನ್ನು ಸುಮಾರು 200 ಅಡಿ ಎತ್ತರದಿಂದ ಅಲಬಾಮಾ ನದಿಯ ಬಯಲಿನತ್ತ ಹೊಡೆಯಬೇಕು.
* ಹ್ಯಾಂಪ್ಟನ್ ಕೋವ್, ಹಂಟ್ಸ್‌ವಿಲ್: ಇಲ್ಲಿನ ರಿವರ್ ಮೈದಾನದಲ್ಲಿ ಮರಳುಗುಂಡಿಗಳೇ ಇಲ್ಲ.
* ಗ್ರ್ಯಾಂಡ್ ನ್ಯಾಷನಲ್, ಓಪಲೈಕಾ: ಸರೋವರದ ಅಂಚಿನಲ್ಲಿದೆ. 2015ರಿಂದ 2017ರವರೆಗೆ ಪಿಜಿಎ ಟೂರ್‌ನ ಪಂದ್ಯಾವಳಿ ಇಲ್ಲಿ ನಡೆಯಿತು.

ಗೆಳೆಯರ ಪ್ರವಾಸ

ಗಾಲ್ಫ್ ಆಟಗಾರರು ಸಾಮಾನ್ಯವಾಗಿ ನಾಲ್ವರ ತಂಡವಾಗಿ ಆಡುತ್ತಾರೆ. ಆದ್ದರಿಂದ ನಾಲ್ವರು ಅಥವಾ ಎಂಟು ಮಂದಿ ಗೆಳೆಯರು ಕೂಡಿ ಕಾರಿನ ಬಾಡಿಗೆ ಹಾಗೂ ವಸತಿಯ ವೆಚ್ಚವನ್ನು ಹಂಚಿಕೊಂಡು, ದಿನಕ್ಕೊಂದು ಊರಿನಂತೆ ಈ ಮೈದಾನಗಳನ್ನು ಸಂದರ್ಶಿಸುವುದು ರೂಢಿಯಾಗಿದೆ. ಬರ್ಮಿಂಗ್‌ಹ್ಯಾಮ್, ಪ್ರಾಟ್‌ವಿಲ್, ಗ್ರೀನ್‌ವಿಲ್ ಮತ್ತು ಮೊಬೈಲ್ ಪ್ರದೇಶಗಳ ಮೈದಾನಗಳನ್ನು 65ನೆಯ ಅಂತರರಾಜ್ಯ ಹೆದ್ದಾರಿಯ ಮೂಲಕ ಒಂದಾದ ಮೇಲೊಂದರಂತೆ ತಲುಪಬಹುದು. ಶುಲ್ಕವು ಋತು, ವಾರದ ದಿನ ಮತ್ತು ವೇಳೆಯನ್ನು ಅನುಸರಿಸಿ ಬದಲಾಗುತ್ತದೆ. ಸೆಕೆ ಹೆಚ್ಚಿರುವ ಬೇಸಿಗೆಯಲ್ಲಿ ಸಾಮಾನ್ಯವಾಗಿ ದರ ಇಳಿಯುತ್ತದೆ.

ಆಟಗಾರರ ಸಾಮರ್ಥ್ಯದಲ್ಲಿ ವ್ಯತ್ಯಾಸವಿದ್ದರೂ 'ಹ್ಯಾಂಡಿಕ್ಯಾಪ್' ಪದ್ಧತಿಯು ದುರ್ಬಲರಿಗೆ ಕೆಲವು ಹೊಡೆತಗಳ ರಿಯಾಯಿತಿ ನೀಡಿ ಸ್ಪರ್ಧೆಯನ್ನು ಸಮಗೊಳಿಸುತ್ತದೆ. 'ಸ್ಕ್ರ್ಯಾಂಬಲ್' ಎಂಬ ಪ್ರಕಾರದಲ್ಲಿ ತಂಡದ ಎಲ್ಲರೂ ಚೆಂಡು ಹೊಡೆದು, ಅತ್ಯುತ್ತಮ ಸ್ಥಾನದಲ್ಲಿ ಬಿದ್ದ ಚೆಂಡಿನ ಜಾಗದಿಂದ ಮುಂದಿನ ಹೊಡೆತವನ್ನು ಆಡುತ್ತಾರೆ.

ಆರ್ಥಿಕ ಚರ್ಚೆ

ನಿವೃತ್ತರ ಹಣವನ್ನು ಕ್ರೀಡಾ ಮೈದಾನಗಳಲ್ಲಿ ತೊಡಗಿಸುವುದು ಯುಕ್ತವೇ ಎಂಬ ಪ್ರಶ್ನೆ ಚರ್ಚೆಗೆ ಒಳಗಾಗಿದೆ. ನಿಧಿಯ ಮೊದಲ ಕರ್ತವ್ಯ ಗರಿಷ್ಠ ಹಾಗೂ ಸುರಕ್ಷಿತ ಲಾಭ ಗಳಿಸುವುದು, ರಾಜ್ಯದ ಅಭಿವೃದ್ಧಿ ಅದರ ಹೊಣೆಯಲ್ಲ ಎಂಬುದು ಟೀಕಾಕಾರರ ವಾದ. ರಾಜ್ಯದ ಆರ್ಥಿಕತೆ ಬೆಳೆದರೆ ಮಾತ್ರ ಪಿಂಚಣಿ ವ್ಯವಸ್ಥೆ ಗಟ್ಟಿಯಾಗಿ ಉಳಿಯುತ್ತದೆ, ಮೈದಾನಗಳ ನೇರ ಆದಾಯವನ್ನಷ್ಟೇ ನೋಡಬಾರದು ಎಂಬುದು ಸಮರ್ಥಕರ ನಿಲುವು. ಅಲಬಾಮಾದಲ್ಲಿ ಪಿಂಚಣಿಯ ಮೊತ್ತವು ಸೇವಾವಧಿ ಹಾಗೂ ವೇತನದ ಆಧಾರದ ಮೇಲೆ ನಿಗದಿಯಾಗುವುದರಿಂದ ಮೈದಾನಗಳ ಗಳಿಕೆ ಕುಸಿದರೂ ನಿವೃತ್ತ ಶಿಕ್ಷಕರ ಮಾಸಿಕ ಪಿಂಚಣಿ ನೇರವಾಗಿ ಇಳಿಯುವುದಿಲ್ಲ. ಆದರೆ ನಿಧಿಯಲ್ಲಿ ಕೊರತೆ ಉಂಟಾದಲ್ಲಿ ಅದನ್ನು ತುಂಬುವ ಭಾರ ಮುಖ್ಯವಾಗಿ ಸರ್ಕಾರದ ಮೇಲೆ, ಅಂದರೆ ಅಂತಿಮವಾಗಿ ತೆರಿಗೆದಾರರ ಮೇಲೆ ಬೀಳುತ್ತದೆ.