ಅನ್ಯನಾಡಿನ ಖಾಝಿ: ಇಬ್ನು ಬತೂತರ ಮಾಲ್ದೀವ್ಸ್ ದಿನಗಳು

ಉದ್ಯೋಗಕ್ಕಾಗಿ ಕೆಲವು ಕಾಲ ಹೊರನಾಡಿಗೆ ಹೋಗಿ ಮರಳುವುದು ನಮ್ಮ ತಲೆಮಾರಿನಲ್ಲಿ ಆರಂಭವಾದ ಸಂಗತಿಯಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಶರೀಅತ್ ನ್ಯಾಯಶಾಸ್ತ್ರ ಬಲ್ಲ ವಿದ್ವಾಂಸನಿಗೆ ಮೊರಾಕ್ಕೋದಿಂದ ಹಿಂದೂ ಮಹಾಸಾಗರದ ದ್ವೀಪಗಳವರೆಗೂ ಕೆಲಸ ಸಿಗುತ್ತಿತ್ತು. 1304ರಲ್ಲಿ ಟ್ಯಾಂಜಿಯರ್‌ನಲ್ಲಿ ಜನಿಸಿದ ಇಬ್ನು ಬತೂತರನ್ನು ನಾವು ಪ್ರವಾಸಿಗರೆಂದೇ ನೆನೆಯುತ್ತೇವೆ. ಆದರೆ ಅವರನ್ನು ಪರನಾಡುಗಳಲ್ಲಿ ಸಾಕಿದ್ದು ಖಾಝಿಯ ವೃತ್ತಿ.

ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಝಿಯಾಗಿ ನೇಮಿಸಿದಾಗ ವರ್ಷಕ್ಕೆ 12,000 ದೀನಾರ್ ವೇತನ ಗೊತ್ತಾಯಿತು. ತಾನು ಮಾಲಿಕಿ ಮದ್‌ಹಬ್‌ನವನು, ಇಲ್ಲಿಯವರು ಹನಫಿಗಳು, ಮೇಲಾಗಿ ತನಗೆ ಇಲ್ಲಿಯ ಭಾಷೆ ಬಾರದು ಎಂದು ಅವರು ಅರಿಕೆ ಮಾಡಿಕೊಂಡರು. ಸುಲ್ತಾನನು ಇಬ್ಬರು ಸಹಾಯಕರನ್ನು ಕೊಟ್ಟು ಆ ತಕರಾರನ್ನು ಮುಗಿಸಿದನು. ವೇತನ ಸ್ವೀಕರಿಸುವ ಮುನ್ನ ತನ್ನ ಕೊರತೆಯನ್ನು ಹೇಳಿಕೊಂಡ ಆ ಕ್ಷಣವು ಅವರ ವೃತ್ತಿಜೀವನದ ಗೌರವಯುತ ಕ್ಷಣಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.

ಮುಂದೆ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಅವರ ನಿಯೋಗದ ಹಡಗುಗಳು ಕಲ್ಲಿಕೋಟೆಯಲ್ಲಿ ಕೈತಪ್ಪಿದವು. ಬರಿಗೈಯಲ್ಲಿ ದೆಹಲಿಗೆ ಮರಳಲು ಅಂಜಿದ ಅವರು ನಮ್ಮ ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನರ ಆಶ್ರಯ ಪಡೆದರು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದೂ ಅಲ್ಲಿಯ ಸ್ತ್ರೀಯರಿಗೆ ಪವಿತ್ರ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅವರು ಹೇಳಿದ್ದಾರೆ. ಆ ಸ್ತ್ರೀಯರು ಹೊಲಿದ ಉಡುಪು ತೊಡದೆ ಒಂದೇ ಬಟ್ಟೆಯನ್ನು ಉಟ್ಟು, ಅದರ ಸೆರಗನ್ನೇ ಹೊದೆಯುತ್ತಿದ್ದುದನ್ನೂ ಗಮನಿಸಿದರು. ಗಮನಿಸಿ, ಮೆಚ್ಚಿ, ಬರೆಸಿದರು, ಅಷ್ಟೆ. ಅಲ್ಲಿ ಅವರಿಗೆ ಖಾಝಿಯ ಅಧಿಕಾರವಿರಲಿಲ್ಲ.

1343ರ ಸುಮಾರಿಗೆ ಮಾಲ್ದೀವ್ಸ್ ತಲುಪಿದಾಗ ಪರಿಸ್ಥಿತಿ ಬೇರೆಯಾಯಿತು. ಆ ದ್ವೀಪಗಳನ್ನು ರಾಣಿ ಖದೀಜಾ ಆಳುತ್ತಿದ್ದರು. ಜುಮಾ ಖುತ್ಬಾದಲ್ಲಿ ಅವರ ಹೆಸರನ್ನೇ ಓದಲಾಗುತ್ತಿತ್ತು. ಕವಡೆಯೇ ಅಲ್ಲಿಯ ನಾಣ್ಯ, ತೆಂಗಿನ ನಾರು ಮತ್ತು ಒಣಮೀನು ಅಲ್ಲಿಯ ಸಂಪತ್ತು. ಹಿಡಿದಿಟ್ಟುಕೊಂಡಾರೆಂಬ ಭಯದಿಂದ ತಾನು ಖಾಝಿಯಾಗಿದ್ದುದನ್ನು ಇಬ್ನು ಬತೂತರು ಮುಚ್ಚಿಟ್ಟರು. ಗುಟ್ಟು ಉಳಿಯಲಿಲ್ಲ. ಖಾಝಿಯ ಪಟ್ಟ ಬಂದಿತು. ಗಣ್ಯ ಮನೆತನಗಳೊಂದಿಗೆ ವಿವಾಹ ಸಂಬಂಧಗಳೂ ಕೂಡಿಬಂದವು.

ಪಟ್ಟವೇರಿದವರು ಸುಮ್ಮನೆ ಕೂರಲಿಲ್ಲ. ಜುಮಾ ನಮಾಝಿಗೆ ತಪ್ಪಿಸಿಕೊಂಡವರಿಗೆ ಹೊಡೆಸಿದರು. ತಲಾಖ್ ಪಡೆದ ಸ್ತ್ರೀ ಮರುಮದುವೆಯಾಗುವವರೆಗೆ ಮಾಜಿ ಪತಿಯ ಮನೆಯಲ್ಲಿಯೇ ಉಳಿಯುವ ಪದ್ಧತಿಯನ್ನು ನಿಷೇಧಿಸಿ, ಸುಮಾರು 25 ಪುರುಷರಿಗೆ ಛಡಿಯೇಟು ಕೊಡಿಸಿ ಮೆರವಣಿಗೆ ಮಾಡಿಸಿದರು. ಕಳ್ಳನೊಬ್ಬನ ಕೈ ಕತ್ತರಿಸಲು ತೀರ್ಪಿತ್ತಾಗ ನ್ಯಾಯಸಭೆಯಲ್ಲಿದ್ದ ಕೆಲವರು ಮೂರ್ಛೆ ಹೋದರು. ಸೊಂಟದ ಕೆಳಗೆ ಮಾತ್ರ ಉಡುತ್ತಿದ್ದ ದ್ವೀಪದ ಸ್ತ್ರೀಯರ ಉಡುಗೆಯನ್ನು ಬದಲಾಯಿಸಲು ಮಾತ್ರ ಅವರಿಂದಾಗಲಿಲ್ಲ. ನ್ಯಾಯಸಭೆಗೆ ಬರುವಾಗ ಮೈಮುಚ್ಚಿರಬೇಕೆಂಬ ನಿಯಮದಲ್ಲಿಯೇ ತೃಪ್ತರಾಗಬೇಕಾಯಿತು. ಈ ಸೋಲನ್ನು ಅವರೇ ಮರೆಮಾಚದೆ ಹೇಳಿದ್ದಾರೆ.

ಶರೀಅತ್ ಪಾಲನೆಯ ವಿಷಯದಲ್ಲಿ ಅವರ ನಿಷ್ಠೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಶತಮಾನಗಳಿಂದ ಇಸ್ಲಾಮನ್ನು ಸ್ವೀಕರಿಸಿ, ಮಸೀದಿಗಳನ್ನು ಕಟ್ಟಿ ಬಾಳುತ್ತಿದ್ದ ಆ ಸೌಮ್ಯ ಜನರ ರೂಢಿಗಳ ಬೇರನ್ನು ಅರಿಯಲು, ಒಂದು ಕಾಲನ್ನು ಹಡಗಿನಲ್ಲಿಯೇ ಇಟ್ಟಿದ್ದ ಖಾಝಿಗೆ ಸಮಯವಾದರೂ ಎಲ್ಲಿತ್ತು? ದೆಹಲಿಯಲ್ಲಿ ಭಾಷೆ ಬಾರದೆಂದು ಹಿಂಜರಿದವರು ಇಲ್ಲಿ ಹಾಗೆ ಹಿಂಜರಿದಂತೆ ಕಾಣುವುದಿಲ್ಲ. ದ್ವೀಪಗಳ ಆಹಾರ, ವ್ಯಾಪಾರ, ಮನೆಗಳ ಬಗ್ಗೆ ಅವರು ಬರೆಸಿದ ವಿವರಗಳು ಇತಿಹಾಸಕಾರರಿಗೆ ಇಂದಿಗೂ ಅಮೂಲ್ಯ. ನೋಡುವ ಕಣ್ಣು ಅವರಿಗೆ ಧಾರಾಳವಾಗಿತ್ತು.

ಕೊನೆಗೆ ವಜೀರನೊಂದಿಗೆ ವಿರಸ ಬೆಳೆದು ಅವರು ಪದವಿ ತ್ಯಜಿಸಿದರು. 1344ರಲ್ಲಿ ಪತ್ನಿಯರಿಗೆ ತಲಾಖ್ ನೀಡಿ ಹಡಗೇರಿದರು. ಆಗ ಒಬ್ಬಾಕೆ ಗರ್ಭಿಣಿ. ಕೆಲಕಾಲದ ನಂತರ ಮಗನನ್ನು ನೋಡಲು ಮತ್ತೆ ದ್ವೀಪಕ್ಕೆ ಬಂದರು. ಮಗುವನ್ನು ಜೊತೆಗೆ ಕರೆದೊಯ್ಯುವ ವಿಚಾರವಿತ್ತು. ಅವನು ತಾಯಿಯ ಕಡೆಯವರೊಂದಿಗೆ ಇರುವುದೇ ಒಳಿತೆಂದು ತೋರಿತು. ಐದು ದಿನ ತಂಗಿ, ಅವನನ್ನು ಅಲ್ಲಿಯೇ ಬಿಟ್ಟು ಬಂಗಾಳದತ್ತ ಪಯಣಿಸಿದರು.